ಲೆವೆಲ್ ಯಂತ್ರಕ್ಕೆ ಹಚ್ಚಿದ ಕುಂಕುಮ

ನನಗೆ ಒಂದೇ ಕಣ್ಣು. ಕಾಲು ಮೂರು, ಆದರೆ ಅವು ನನ್ನವಲ್ಲ, ಕೆಲಸದ ಹೊತ್ತಿಗೆ ಜೋಡಿಸುವ ಕಾಲುಗಳು. ಓದಿದವರು ನನ್ನನ್ನು ಲೆವೆಲ್ ಯಂತ್ರ ಎನ್ನುತ್ತಾರೆ. ಹಳ್ಳಿಯ ಹೆಣ್ಣುಮಕ್ಕಳು ದುರ್ಬೀನು ಎನ್ನುತ್ತಾರೆ. ಯಾವ ಹೆಸರಿನಿಂದ ಕರೆದರೂ ನನ್ನ ಕಸುಬು ಒಂದೇ. ನೆಲ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ನಾನು ಹೇಳಬೇಕು. ನೀರಿಗೆ ಇದು ಹುಟ್ಟಿನಿಂದಲೇ ಗೊತ್ತು. ಮನುಷ್ಯರಿಗೆ ಗೊತ್ತಿಲ್ಲ. ಅದಕ್ಕೇ ಭಗವಂತ ಅವರ ಕೈಯಿಂದ ನನ್ನನ್ನು ಮಾಡಿಸಿದ.

ನಾನು ಹುಟ್ಟಿದ್ದು ಧೂಳು ಸುಳಿಯದ ಒಂದು ತಣ್ಣನೆಯ ಕೋಣೆಯಲ್ಲಿ. ಬಿಳಿ ಕೈಗವಸು ತೊಟ್ಟ ಕೈಗಳು ನನ್ನ ಹೊಟ್ಟೆಯೊಳಗೆ ಕೂದಲಿನಷ್ಟು ತೆಳುವಾದ ತಂತಿಗಳನ್ನು ಕಟ್ಟಿ, ಅವುಗಳಿಗೆ ಒಂದು ಗಾಜಿನ ಹರಳನ್ನು ತೂಗುಬಿಟ್ಟವು. ಆ ಹರಳು ಮಗುವಿನ ತೊಟ್ಟಿಲಿನಂತೆ ತೂಗಾಡಿತು, ಆಮೇಲೆ ತಾನಾಗಿಯೇ ಒಂದೆಡೆ ನಿಂತಿತು. ನನಗೆ ಜೀವ ಬಂದದ್ದು ಆ ಗಳಿಗೆಯಲ್ಲಿ. ಯಾರಾದರೂ ನನ್ನನ್ನು ತುಸು ಓರೆಯಾಗಿ ನಿಲ್ಲಿಸಿದರೂ ಆ ಹರಳು ಭೂಮಿತಾಯಿಯ ಸೆಳೆತಕ್ಕೆ ಓಗೊಟ್ಟು ನೆಟ್ಟಗಾಗುತ್ತದೆ. ಆಗ ನನ್ನ ನೋಟ ನಿಂತ ಕೆರೆಯ ನೀರಿನಂತೆ ಸಮವಾಗಿರುತ್ತದೆ.

ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಯ ಗಾಜಿನ ಕಪಾಟಿನಿಂದ ನನ್ನನ್ನು ಕೊಂಡೊಯ್ದವರು ಚನ್ನವೀರಯ್ಯನವರು. ಬಾಗಲಕೋಟೆ ಸೀಮೆಯಲ್ಲಿ ಹೊಲ, ರಸ್ತೆ, ಕಾಲುವೆಗಳನ್ನು ಅಳೆದು ಕೊಡುತ್ತಿದ್ದ ಸರ್ವೇಯರ್ ಅವರು. ಮುಂಜಾನೆ ನನ್ನನ್ನು ಕಾಲುಗಳ ಮೇಲೆ ಕೂರಿಸಿದಾಗ ಮೊದಲು ಕಣ್ಣು ಹಾಯಿಸುತ್ತಿದ್ದುದು ನನ್ನ ಬೆನ್ನ ಮೇಲಿನ ಪುಟ್ಟ ಗುಂಡುಗಾಜಿನ ಕಡೆಗೆ. ಅದರೊಳಗಿನ ಗುಳ್ಳೆ ನಡುವಿನ ಉಂಗುರದೊಳಗೆ ಬಂದು ನಿಂತರೆ, "ಶಿವನೇ, ಇವತ್ತೂ ಸಮಾ ಇಡು," ಎಂದು ಹಣೆ ಮುಟ್ಟಿಕೊಳ್ಳುತ್ತಿದ್ದರು. ಅದು ನನಗಾಗಿ ಬೇಡಿದ್ದೋ ತಮಗಾಗಿ ಬೇಡಿದ್ದೋ ನಾನು ಕೇಳಿದವನಲ್ಲ.

ಅವರಲ್ಲಿ ಒಂದು ರೂಢಿಯಿತ್ತು. ದೊಡ್ಡ ಕೆಲಸ ಹಿಡಿಯುವ ಮುಂಚೆ ಬಯಲಿನಲ್ಲಿ ಎರಡು ಗೂಟ ಹೊಡೆಸುತ್ತಿದ್ದರು. ನನ್ನನ್ನು ಎರಡರ ನಟ್ಟನಡುವೆ ನಿಲ್ಲಿಸಿ, ಎರಡೂ ಗೂಟಗಳ ಮೇಲೆ ಅಳತೆಪಟ್ಟಿ ಹಿಡಿಸಿ ನೋಡುತ್ತಿದ್ದರು. ನಡುವೆ ನಿಂತಾಗ ನನ್ನ ನೋಟ ಓರೆಯಾಗಿದ್ದರೂ ತಪ್ಪು ಎರಡೂ ಕಡೆಗೆ ಒಂದೇ ಸಮನಾಗಿ ಹಂಚಿಹೋಗುತ್ತದೆ, ಹಾಗಾಗಿ ಗೂಟಗಳ ಎತ್ತರದ ಅಂತರ ಸರಿಯಾಗಿಯೇ ಸಿಗುತ್ತದೆ. ಆಮೇಲೆ ನನ್ನನ್ನು ಎತ್ತಿ ಒಂದು ಗೂಟದ ಮಗ್ಗುಲಿಗೆ ಇಟ್ಟು ಮತ್ತೆ ನೋಡುತ್ತಿದ್ದರು. ಆಗಲೂ ಅದೇ ಅಂತರ ಬಂದರೆ ನಾನು ಸಾಚಾ. ಬೇರೆ ಬಂದರೆ ನನ್ನೊಳಗೆ ಏನೋ ಕೆಟ್ಟಿದೆ ಎಂದರ್ಥ. ನಾನು ಅವರ ಕೈಯಲ್ಲಿ ಇದ್ದಷ್ಟು ಕಾಲವೂ ಅದೇ ಅಂತರ ಬಂತು.

ವಯಸ್ಸಾಗಿ ಅವರ ಕಣ್ಣು ಮಂಜಾದವು. ಅಳತೆಪಟ್ಟಿಯ ಅಂಕೆಗಳು ಇರುವೆಯ ಸಾಲಿನಂತೆ ಕಾಣತೊಡಗಿದ ದಿನ ಅವರು ನನ್ನನ್ನು ಪೆಟ್ಟಿಗೆಯಲ್ಲಿಟ್ಟು, ತಮ್ಮ ಕೈಕೆಳಗೆ ಕೆಲಸ ಕಲಿತ ದಾಕ್ಷಾಯಣಿಯ ಮನೆಗೆ ತಂದರು. ಆಕೆ ಕೆಂಗಲ್ಲ ಎಂಬ ಊರಿನ ನೇಕಾರರ ಮಗಳು. ಡಿಪ್ಲೊಮಾ ಓದಿ ಸರ್ವೇ ಕೆಲಸಕ್ಕೆ ಇಳಿದವಳು. ಪೆಟ್ಟಿಗೆಯನ್ನು ಅವಳ ಕೈಯಲ್ಲಿಟ್ಟು, "ನನ್ನ ಕಣ್ಣು ನಿನಗ ಕೊಟ್ಟೀನಿ ನೋಡವ್ವಾ. ಗೂಟದ ಪರೀಕ್ಷೆ ಮಾತ್ರ ಬಿಡಬ್ಯಾಡ," ಎಂದರು.

ಆ ವರ್ಷದ ಮಹಾನವಮಿಗೆ ದಾಕ್ಷಾಯಣಿ ನನ್ನನ್ನು ಮಣೆಯ ಮೇಲೆ ಕೂರಿಸಿ ಪೂಜೆ ಮಾಡಿದಳು. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ನನ್ನ ಮೈಮೇಲೆ ಧಾರಾಳವಾಗಿ ಬಳಿದಳು. ನೋಡಲು ಬಂದಿದ್ದ ಚನ್ನವೀರಯ್ಯನವರು ನಕ್ಕರು.

"ಕುಂಕುಮ ಹಚ್ಚು ಅಂದ್ರ ಜಳಕಾನ ಮಾಡಿಸಿದೆಲ್ಲ ಯವ್ವಾ."

"ಇರ್ಲಿ ಬಿಡ್ರಿ ಅಯ್ಯಾರ. ವರ್ಷಕ್ಕೊಮ್ಮೆ ಅದಕ್ಕೂ ಹಬ್ಬ."

ಮರುದಿನ ಮೈಯನ್ನೆಲ್ಲ ಒರೆಸಿದಳು. ಆದರೆ ನನ್ನ ಪಕ್ಕೆಯ ಮುಚ್ಚಳದ ಸ್ಕ್ರೂಗಳ ಸೀಳಿನಲ್ಲಿ ತುಂಬಿಕೊಂಡ ಕುಂಕುಮ ಹಾಗೆಯೇ ಉಳಿದು ಅರಗಿನಂತೆ ಗಟ್ಟಿಯಾಯಿತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಮರೆತೆ.

ಈಗ ಕೆಂಗಲ್ಲದ ನೇಕಾರ ಓಣಿಯ ಕಥೆ ಹೇಳಬೇಕು. ಅಲ್ಲಿ ಮನೆಮನೆಯಲ್ಲೂ ಕುಣಿಮಗ್ಗ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತಾರೆ. ಆ ಓಣಿ ಅಂಗೈಯಷ್ಟು ಸಪಾಟು. ಮಳೆಗಾಲ ಬಂತೆಂದರೆ ನೀರಿಗೆ ಎತ್ತ ಹೋಗಬೇಕೆಂದು ತಿಳಿಯದೆ ಹೊಸ್ತಿಲು ದಾಟಿ ಕುಣಿಯೊಳಗೆ ಇಳಿಯುತ್ತಿತ್ತು. ಮಗ್ಗ ನಿಲ್ಲುತ್ತಿತ್ತು, ಹಾಸಿನ ನೂಲು ಕೊಳೆಯುತ್ತಿತ್ತು. ಹಿಂದೊಮ್ಮೆ ಯಾರೋ ಕಣ್ಣಂದಾಜಿನಲ್ಲಿ ಗಟಾರ ತೋಡಿಸಿದ್ದರು. ಅದು ಹಳ್ಳದ ಕಡೆಗೆ ಒಯ್ಯಬೇಕಾದ ನೀರನ್ನು ಹಳ್ಳದಿಂದ ಓಣಿಗೇ ತಂದಿತು. ಓಣಿಯ ತೀರ ತಗ್ಗಿನ ಮನೆ ದಾಕ್ಷಾಯಣಿಯ ಅಪ್ಪ ಈಶ್ವರಪ್ಪನದು.

ಹೊಸ ಗಟಾರಕ್ಕೆ ಪಂಚಾಯಿತಿ ಒಪ್ಪಿತು. ಇಳಿಜಾರು ಗುರುತಿಸುವ ಕೆಲಸ ದಾಕ್ಷಾಯಣಿಗೆ ಬಂತು. ಅಷ್ಟು ಸಪಾಟು ನೆಲದಲ್ಲಿ ಕೊಡಬಹುದಾದ ಇಳಿಜಾರು ಬಹಳ ಸಣ್ಣದು. ನನ್ನ ನೋಟ ಕೂದಲಿನಷ್ಟು ಜಾರಿದರೂ ನೀರು ಮತ್ತೆ ಹಿಂದಕ್ಕೆ ಬರುತ್ತದೆ, ಈ ಸಲ ಸಿಮೆಂಟಿನ ದಾರಿ ಹಿಡಿದು ಬರುತ್ತದೆ. ಹಾಗಾದರೆ ಅವಳು ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

ಅಳತೆಯ ಮೊದಲ ದಿನವೇ ನಾನು ಬಿದ್ದೆ. ದಾಕ್ಷಾಯಣಿ ನನ್ನನ್ನು ತಿಪ್ಪವ್ವಜ್ಜಿಯ ಮನೆಯ ಮುಂದೆ ನಿಲ್ಲಿಸಿ ನೀರು ಕುಡಿಯಲು ಒಳಗೆ ಹೋಗಿದ್ದಳು. ಅಜ್ಜಿ ತನ್ನ ಆಡನ್ನು ತಂದು, ಅದರ ಹಗ್ಗವನ್ನು ನನ್ನ ಕಾಲಿಗೆ ಕಟ್ಟಿ ಸೊಪ್ಪು ತರಲು ಹೋದಳು. ಆಡಿಗೆ ಸೊಪ್ಪಿನ ವಾಸನೆ ಬಂತು. ಅದು ಜಗ್ಗಿತು, ನಾನು ಹಾಸುಗಲ್ಲಿನ ಮೇಲೆ ಉರುಳಿದೆ.

ಜನ ಸೇರಿದರು. ತಿಪ್ಪವ್ವಜ್ಜಿ ಸೊಪ್ಪಿನ ಕಂತೆ ಹಿಡಿದು ನಿಂತೇ ಇದ್ದಳು.

"ಕಂಬ ಅಂತ ತಿಳಕೊಂಡ್ನಿ ಮಗಳ. ಮೂರ ಕಾಲ ಐತಿ, ಗಟ್ಟಿ ನಿಂತೈತಿ ಅಂತ ಕಟ್ಟಿದೆ."

"ಮೂರು ಕಾಲಿನದು ನಿಂತಿತ್ತಬೇ. ನಿಂದು ನಾಕ ಕಾಲಿಂದು ನಿಂದರಬೇಕಲ್ಲ," ಎಂದ ಈಶ್ವರಪ್ಪ.

ನನ್ನ ಮೈಮೇಲೆ ಒಂದು ಗೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಕಣ್ಣು ಒಡೆದಿರಲಿಲ್ಲ, ಗುಳ್ಳೆ ನಡುವೆಯೇ ನಿಲ್ಲುತ್ತಿತ್ತು. ಆದರೆ ಒಳಗೆ ಒಂದು ತಂತಿ ಬಾಗಿ, ತೂಗುವ ಹರಳು ಒಂದು ಮಗ್ಗುಲಿಗೆ ಎಳೆದುಕೊಂಡಿತ್ತು. ಹೇಳಲು ನನಗೆ ಬಾಯಿಲ್ಲ. ದಾಕ್ಷಾಯಣಿ ಊರ ಹೊರಗಿನ ಬಯಲಿನಲ್ಲಿ ಎರಡು ಗೂಟ ಹೊಡೆದಳು. ನಡುವೆ ನಿಂತಾಗ ಒಂದು ಅಂತರ ಬಂತು, ಮಗ್ಗುಲಿಗೆ ನಿಂತಾಗ ಇನ್ನೊಂದು. ಮರುದಿನವೇ ನನ್ನನ್ನು ಹುಬ್ಬಳ್ಳಿಯ ಆ ಅಂಗಡಿಗೆ ಒಯ್ದು ಕೊಟ್ಟಳು.

ಅಂಗಡಿಯ ಮಾಲಕ ವಿರೂಪಾಕ್ಷಪ್ಪ. ಹಣೆತುಂಬ ವಿಭೂತಿ, ಮೆಲುಮಾತು. "ಚಿಂತಿ ಬಿಡು ತಂಗಿ. ಹೊಸಾದರಂಗ ಮಾಡಿ ಕೊಡತೀವಿ," ಎಂದರು. ನಾನು ಹುಟ್ಟಿದ ಮನೆಗೇ ಬಂದಷ್ಟು ನೆಮ್ಮದಿಯಿಂದ ಹಿಂದಿನ ಕೋಣೆಯ ಕಪಾಟಿಗೆ ಹೋದೆ.

ನನ್ನ ಪಕ್ಕದಲ್ಲಿ ನನ್ನ ಜಾತಿಯದೇ ಒಂದು ಹಳೆಯ ಲೆವೆಲ್ ಯಂತ್ರವಿತ್ತು. ಅದರ ಕಣ್ಣು ಒಡೆದು ಎಷ್ಟೋ ಕಾಲವಾಗಿತ್ತು, ಒಯ್ಯಲು ಯಾರೂ ಬಂದಿರಲಿಲ್ಲ. ಯಂತ್ರಗಳ ಮಾತು ಮನುಷ್ಯರಿಗೆ ಕೇಳಿಸುವುದಿಲ್ಲ, ನಮಗೆ ಕೇಳಿಸುತ್ತದೆ.

"ಇಲ್ಲಿ ಒರೆಸುತ್ತಾರೆ," ಎಂದಿತು ಅದು. "ತೆರೆಯುವುದಿಲ್ಲ."

ನಾನು ನಂಬಲಿಲ್ಲ. ದಿನಗಳು ಕಳೆದವು. ಕಡೆಗೊಂದು ದಿನ ಯಾರೋ ನನ್ನನ್ನು ಕೆಳಗಿಳಿಸಿ, ಮೆತ್ತನೆಯ ಬಟ್ಟೆಯಿಂದ ತಿಕ್ಕಿ, ಗೀರಿನ ಮೇಲೆ ಬಣ್ಣ ಹಚ್ಚಿ, ಹೊಟ್ಟೆಯ ಮೇಲೆ ಒಂದು ಚೀಟಿ ಅಂಟಿಸಿದರು. ಪರೀಕ್ಷಿಸಿದೆ, ಸರಿಯಾಗಿದೆ ಎಂದು ಅದರ ಮೇಲೆ ಮುದ್ರೆಯಿತ್ತು. ನನ್ನ ಕಣ್ಣಿನ ಮೂಲಕ ಯಾರೂ ಒಮ್ಮೆಯಾದರೂ ನೋಡಿರಲಿಲ್ಲ. ಆ ಸುಳ್ಳನ್ನು ಹೊಟ್ಟೆಯ ಮೇಲೆ ಹೊತ್ತುಕೊಂಡು ನಾನು ಬಸ್ಸಿನಲ್ಲಿ ಕೆಂಗಲ್ಲಕ್ಕೆ ಬಂದೆ.

ಅಷ್ಟರಲ್ಲಿ ಮಳೆಗಾಲ ಹೊಸ್ತಿಲಿಗೆ ಬಂದಿತ್ತು. ಅಗೆಯುವ ಯಂತ್ರ ಓಣಿಯ ಬಾಯಲ್ಲಿ ನಿಂತಿತ್ತು, ಸಿಮೆಂಟ್ ಬಂದಿಳಿದಿತ್ತು. ಚೀಟಿಯನ್ನು ನೋಡಿದ ಓಣಿಯವರಿಗೆಲ್ಲ ಸಮಾಧಾನ. ದಾಕ್ಷಾಯಣಿ ಮಾತ್ರ ನನ್ನನ್ನು ಹೆಗಲಿಗೇರಿಸಿ ಬಯಲಿಗೆ ನಡೆದಳು. ಮತ್ತೆ ಎರಡು ಗೂಟ. ಮತ್ತೆ ಅದೇ ತಪ್ಪು, ಮೊದಲು ಇದ್ದಷ್ಟೇ.

ಫೋನಿನಲ್ಲಿ ವಿರೂಪಾಕ್ಷಪ್ಪ, "ನಮ್ಮ ಕಡಿಂದ ಬರೋಬ್ಬರಿ ಆಗೇ ಬಂದೈತಿ. ಬಸ್ಸಿನ್ಯಾಗ ಕುಲುಕ್ಯಾಡಿರಬೇಕು ನೋಡು ತಂಗಿ," ಎಂದರು. ಬಸ್ಸು ಕುಲುಕಿದ್ದೂ ನಿಜವೇ.

ಈಶ್ವರಪ್ಪ ಬಯಲಿಗೇ ಬಂದ.

"ರೋಹಿಣಿ ಮಳಿ ಮುಗೀತು, ಮಿರಗದ ಮಳಿ ಕೂಡಾಕ ಬಂತು. ಮಳಿ ನಿನ್ನ ಗೂಟಾ ಕೇಳ್ಕೋತ ನಿಂದರತೈತೇನು? ಚೀಟಿ ಹಚ್ಯಾರ. ನಾಳೆ ತಪ್ಪಾದ್ರ ಅವರ ತಪ್ಪು."

"ನೀರು ಅವರ ಅಂಗಡಿಗೆ ಹೋಗೂದಿಲ್ಲಪ್ಪಾ. ನಿನ್ನ ಕುಣಿಗೆ ಬರತದ."

"ನಡುವ ನಿಂತ್ರ ತಪ್ಪು ಹತ್ತೂದಿಲ್ಲ ಅಂತ ನೀನ ಹೇಳತಿದ್ದೆಲ್ಲ. ನಡುವ ನಿಂತ ಮಾಡಲಾ."

"ನಮ್ಮ ಓಣಿ ಹಾವು ಹರದಂಗ ಐತಿ. ಎಲ್ಲಾ ಕಡೆ ನಟ್ಟನಡುವ ನಿಂದರಾಕ ಜಾಗಾ ಎಲ್ಲೈತಿ?"

ದಾಕ್ಷಾಯಣಿ ಫೋನಿನಲ್ಲೇ ಬಾಡಿಗೆಗೆ ಬೇರೆ ಯಂತ್ರ ಕೇಳಿದಳು. ಸುತ್ತಲಿನವೆಲ್ಲ ರಸ್ತೆ ಕೆಲಸಕ್ಕೆ ಹೋಗಿದ್ದವು. ಅವಳು ಸೋತವಳಂತೆ ನೆಲದ ಮೇಲೆ ಕೂತು ನನ್ನನ್ನು ತೊಡೆಯ ಮೇಲಿಟ್ಟುಕೊಂಡಳು. ಆಗ ಬಿಸಿಲು ನನ್ನ ಪಕ್ಕೆಯ ಮೇಲೆ ಬಿತ್ತು. ಸ್ಕ್ರೂಗಳ ಸೀಳಿನಲ್ಲಿ ಕೆಂಪು ಕಂಡಿತು. ನವಮಿಯ ಕುಂಕುಮ. ಒಂದು ಕಡೆಯೂ ಬಿರುಕು ಬಿಟ್ಟಿರಲಿಲ್ಲ.

ಸ್ಕ್ರೂ ತಿರುಗಿಸುವ ಉಳಿ ಆ ಸೀಳಿಗೆ ಇಳಿದಿದ್ದರೆ ಕುಂಕುಮ ಪುಡಿಯಾಗಿ ಉದುರಬೇಕಿತ್ತು. ದಾಕ್ಷಾಯಣಿ ಅದನ್ನು ಬಹಳ ಹೊತ್ತು ನೋಡಿದಳು. "ಅಪ್ಪಾ, ಅಗಿಯೂದು ನಿಂದರಸು," ಎಂದಳು. "ನಾನು ಹುಬ್ಬಳ್ಳಿಗೆ ಹೋಗಿ ಬರ್ತೀನಿ." ಚನ್ನವೀರಯ್ಯನವರು ಕಣ್ಣು ಕಾಣದಿದ್ದರೂ ಕೋಲು ಹಿಡಿದು ಜೊತೆಗೆ ಹೊರಟರು.

ಅಂಗಡಿಯಲ್ಲಿ ಆಗಷ್ಟೇ ಪೂಜೆ ಮುಗಿದು ಊದುಬತ್ತಿ ಉರಿಯುತ್ತಿತ್ತು. ದಾಕ್ಷಾಯಣಿ ನನ್ನನ್ನು ಗಲ್ಲಾಪೆಟ್ಟಿಗೆಯ ಮುಂದಿನ ಮೇಜಿನ ಮೇಲೆ ಪಕ್ಕೆ ಮೇಲಾಗಿ ಮಲಗಿಸಿದಳು. ದನಿ ಏರಿಸಲಿಲ್ಲ.

"ಸಾವ್ಕಾರ್ರ, ಈ ಕುಂಕುಮ ನಮ್ಮ ಮನಿದು. ಹೋದ ಮಾನೌಮಿಗೆ ಹಚ್ಚಿದ್ದು. ಮುಚ್ಚಳಾ ಬಿಚ್ಚಿದ್ರ ಇದು ಹೆಂಗ ಉಳೀತು ಅಂತ ತಿಳೀವಲ್ದು ನನಗ."

ವಿರೂಪಾಕ್ಷಪ್ಪ ನನ್ನನ್ನು ನೋಡದೆ ಕಪಾಟಿನ ಕಡೆ ಕೈ ತೋರಿದರು. "ಹಳೇದರ ಗೊಡವಿ ಯಾಕ? ಹೊಸಾ ಮಾಡೆಲ್ ಬಂದೈತಿ. ಇದನ್ನ ಬಿಟ್ಟು ಅದನ್ನ ಒಯ್ಯಿ, ಛಲೋ ದರಾ ಹಿಡೀತೀನಿ."

"ಹೊಸಾದಕ್ಕೂ ಒಂದಿನಾ ಯಾರರ ಆಡು ಕಟ್ಟತಾರ್ರಿ. ಅವತ್ತ ಅದನ್ನ ಎಲ್ಲಿಗೆ ಒಯ್ಯಲಿ?"

ಚನ್ನವೀರಯ್ಯನವರು ಮೆಲ್ಲಗೆ ನಕ್ಕರು. ವಿರೂಪಾಕ್ಷಪ್ಪ ನಗಲಿಲ್ಲ. ಸುಳ್ಳೋ ನಿಜವೋ ನೋಡೋಣವೆಂಬಂತೆ ಬಗ್ಗಿ, ಒಂದು ಸ್ಕ್ರೂವಿನ ಸೀಳನ್ನು ಉಗುರಿನಿಂದ ಕೆದರಿದರು. ಒಂದು ಹರಳು ಕುಂಕುಮ ಅವರ ಬೆರಳ ತುದಿಗೆ ಬಂತು. ಪೂಜೆಯ ಕುಂಕುಮವನ್ನು ಪಂಚೆಗೆ ಒರೆಸಿಕೊಳ್ಳುವ ಮನುಷ್ಯ ಅವರಲ್ಲ. ಕೈ ತನ್ನ ಪಾಡಿಗೆ ತಾನು ಮೇಲೆದ್ದು ಹುಬ್ಬುಗಳ ನಡುವೆ ಅದನ್ನು ಇಟ್ಟಿತು. ಇಟ್ಟ ಮೇಲೆ ಅವರ ಬಾಯಿಗೆ ಇನ್ನೊಂದು ಸುಳ್ಳು ಬರಲಿಲ್ಲ.

"ಬಿಚ್ಚಿಲ್ಲವ್ವಾ," ಎಂದರು. "ಬಿಚ್ಚಾಂವ ನಮ್ಮ ಕಡೆ ಇಲ್ಲ. ದಸ್ತಗೀರ ಅಂತ ಇದ್ದ. ಗಿರಾಕಿ ಬಾಳ ಆದ್ರು, ಒರಿಸಿ ಚೀಟಿ ಹಚ್ಚಿ ಕೊಡು ಅಂದೆ. ಬಿಚ್ಚಲಾರದ ಹಚ್ಚೂದಿಲ್ಲ ಅಂದು ಬಿಟ್ಟ ಹೋದ. ರಿಪೇರಿ ಬರೂದಿಲ್ಲ ಅಂತ ಹೇಳಿದ್ರ ಅಂಗಡಿ ಹೆಸರು ಹೋಗತೈತಿ ಅಂತ ಅಂಜಿಕಿ ನನಗ."

"ಬರೂದಿಲ್ಲ ಅಂತ ಅವತ್ತ ಹೇಳಿದ್ರ ನಾ ಬ್ಯಾರೆ ಕಡೆ ಹೋಗ್ತಿದ್ದೆ. ನಮ್ಮ ಓಣಿ ಇಷ್ಟ ಹೊತ್ತಿಗೆ ಮುಗೀತಿತ್ತು," ಎಂದಳು ದಾಕ್ಷಾಯಣಿ. "ಆತು. ಅವರು ಎಲ್ಲದಾರ ಹೇಳ್ರಿ."

ವಿರೂಪಾಕ್ಷಪ್ಪ ವಿಳಾಸ ಬರೆದು ಕೊಡಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದರು. ತಾವೇ ಆಟೋ ಕರೆದು ಕೂತರು.

ದಸ್ತಗೀರ ಹಳೇ ಹುಬ್ಬಳ್ಳಿಯಲ್ಲಿ ಚಸ್ಮಾದ ಅಂಗಡಿ ಇಟ್ಟಿದ್ದರು. ಹಳೆಯ ಧಣಿ ಮೆಟ್ಟಿಲೇರುವುದನ್ನು ಕಂಡು ಎದ್ದು ನಿಂತರು.

"ಬರ್ರಿ ಸಾವ್ಕಾರ್ರ. ಕಣ್ಣ ಮಂಜಾದ್ವೇನು?"

"ಕಣ್ಣ ನೆಟ್ಟಗ ಅದಾವೋ ಮಾರಾಯಾ. ಬಾಯಿ ರಿಪೇರಿಗೆ ಬಂದಿತ್ತು. ಈ ಹುಡುಗಿ ಮಾಡಿ ಕರಕೊಂಡು ಬಂದಾಳ."

ದಸ್ತಗೀರ ನಕ್ಕು ಕುರ್ಚಿ ಎಳೆದರು. ದಾಕ್ಷಾಯಣಿಯನ್ನು ಎದುರಿಗೇ ಕೂರಿಸಿಕೊಂಡರು. ಮುಚ್ಚಳ ಬಿಚ್ಚುವ ಮೊದಲು ಸೂಜಿಯ ಮೊನೆಯಿಂದ ಸೀಳುಗಳ ಕುಂಕುಮವನ್ನೆಲ್ಲ ಬಿಳಿ ಕಾಗದದ ಮೇಲೆ ಬಿಡಿಸಿ, ಮಡಚಿ ಅವಳ ಕೈಗೆ ಕೊಟ್ಟರು. "ಇದು ನಿಮ್ಮ ದೇವರದು, ನಮ್ಮ ಕಸದಾಗ ಬೀಳಬಾರದು." ಆಮೇಲೆ ನನ್ನ ಹೊಟ್ಟೆಗೆ ಬೆಳಕು ಬಂತು. ಹುಟ್ಟಿದಂದಿನಿಂದ ನಾನು ಬೆಳಕನ್ನು ಕಣ್ಣಿನಿಂದ ಮಾತ್ರ ಕಂಡಿದ್ದೆ.

ಬಾಗಿದ ತಂತಿಯನ್ನು ಅವರು ಅವಳಿಗೆ ತೋರಿಸಿದರು. "ನೋಡ್ರಿ, ಇದು. ನೆಟ್ಟಗ ಮಾಡಿದ್ರ ನಾಕ ದಿನಾ ನಿಂತು ಮತ್ತ ಬಾಗತದ. ಬದಲಿ ಹಾಕಬೇಕು. ನನ್ನ ಕಡೆ ಬದಲಿ ಇಲ್ಲ, ತರಿಸೂದ್ರಾಗ ನಿಮ್ಮ ಮಳಿ ಮುಗೀತೈತಿ. ಆಗೂದಿಲ್ಲವ್ವಾ."

ಆಗೂದಿಲ್ಲ ಎಂಬ ಆ ಮಾತು ಕೇಳಿ ದಾಕ್ಷಾಯಣಿಯ ಮುಖ ಬಾಡಿತು. ಆದರೂ ಆ ಚೀಟಿಗಿಂತ ಈ ಮಾತೇ ನನಗೆ ಹಿತವೆನಿಸಿತು.

ಆಗ ವಿರೂಪಾಕ್ಷಪ್ಪ, "ನಮ್ಮ ಹಿಂದಿನ ಕಪಾಟಿನ್ಯಾಗ ಇದರ ಜೋಡಿದಾರ ಒಂದು ಐತೆಲ್ಲ, ಕಣ್ಣ ಒಡದದ್ದು. ಅದರ ಒಳಗಿಂದು ಬರತೈತೇನು?" ಎಂದರು. ದಸ್ತಗೀರ ಹಳೆಯ ಧಣಿಯ ಮುಖವನ್ನೇ ನೋಡಿ, "ಬರತೈತ್ರಿ, ತರ್ರಿ ಮತ್ತ," ಎಂದರು.

ಹೀಗೆ ಕಪಾಟಿನ ನನ್ನ ಹಳೆಯ ನೆರೆಯವನ ತಂತಿ ನನ್ನೊಳಗೆ ಬಂತು. ಇಂದಿಗೂ ನನ್ನ ಹರಳನ್ನು ತೂಗುತ್ತಿರುವುದು ಅದೇ. ಒಯ್ಯಲು ಯಾರೂ ಬಾರದ ಆ ಜೀವ ನನ್ನೊಳಗೆ ಕೂತು ಕೆಂಗಲ್ಲಕ್ಕೆ ಹೊರಟಿತು.

ಹರಳು ತೂಗಾಡಿ ನಿಂತಿತು. ಆದರೆ ದಸ್ತಗೀರ ನನ್ನನ್ನು ಹಾಗೆಯೇ ಕೊಟ್ಟು ಕಳಿಸಲಿಲ್ಲ. ಎಲ್ಲರನ್ನೂ ಹತ್ತಿರದ ಶಾಲೆಯ ಬಯಲಿಗೆ ಕರೆದೊಯ್ದು ಗೂಟ ಹೊಡೆಸಿದರು. ಅಳತೆಪಟ್ಟಿ ಹಿಡಿದು ನಿಂತವರು ವಿರೂಪಾಕ್ಷಪ್ಪ. ಪಟ್ಟಿ ಓದಿದವಳು ದಾಕ್ಷಾಯಣಿ. ನಡುವೆ ನಿಂತಾಗ ಬಂದದ್ದೇ ಮಗ್ಗುಲಿಗೆ ನಿಂತಾಗಲೂ ಬಂತು. ಅವಳು ನನ್ನ ಹೊಟ್ಟೆಯ ಮೇಲಿನ ಹಳೆಯ ಚೀಟಿಯನ್ನು ಕಿತ್ತಳು. ಹೊಸದನ್ನು ಅಂಟಿಸಬೇಕೇ ಎಂದು ದಸ್ತಗೀರ ಕೇಳಿದರು. "ಬ್ಯಾಡ್ರಿ. ಕಣ್ಣಾರೆ ಕಂಡೀನಿ," ಎಂದಳು.

ಹೊರಡುವಾಗ ದಸ್ತಗೀರ ಚನ್ನವೀರಯ್ಯನವರ ಕಣ್ಣಿಗೂ ದೀಪ ಹಿಡಿದು ನೋಡಿದರು. "ಅಜ್ಜಾರ, ಪೊರಿ ಬಂದೈತಿ. ಚಸ್ಮಾ ಮಾರಿದ್ರ ನಾ ಸುಳ್ಳ ಮಾರಿದಂಗ. ದವಾಖಾನಿಗೆ ಹೋಗ್ರಿ, ತಗಸ್ರಿ."

ಇಳಿಜಾರಿನ ಗುರುತು ಬಿತ್ತು, ಗಟಾರ ತೋಡಿದರು, ಸಿಮೆಂಟು ಒಣಗಿತು. ಮಿರಗದ ಮಳೆ ಹತ್ತು ದಿನ ತಡವಾಗಿ ಬಂದು ನಮ್ಮ ಮರ್ಯಾದೆ ಕಾಪಾಡಿತು. ಬಂದದ್ದು ಹಾಡಹಗಲು, ಆಕಾಶ ಕಳಚಿ ಬಿದ್ದಂತೆ. ನನ್ನನ್ನು ಈಶ್ವರಪ್ಪನ ಮನೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದರು. ಓಣಿಯ ಜನ ಬಾಗಿಲುಗಳಲ್ಲಿ ನಿಂತು ಗಟಾರವನ್ನೇ ನೋಡುತ್ತಿದ್ದರು. ತಿಪ್ಪವ್ವಜ್ಜಿಯ ಮನೆಯ ತಿರುವಿನಲ್ಲಿ ನೀರು ಒಂದು ಗಳಿಗೆ ತಡೆದು ನಿಂತಿತು, ಕಸಕಡ್ಡಿ ಸುತ್ತತೊಡಗಿತು. ಅಜ್ಜಿ ಕೋಲಿನಿಂದ ಕಸ ಸರಿಸಿದಳು. ನೀರು ದಾರಿ ಗೊತ್ತಿದ್ದವರಂತೆ ಹಳ್ಳದ ಕಡೆಗೆ ಹೊರಳಿ ಹೋಯಿತು.

"ಹೊಂಟತಲ್ಲ ತನ್ನ ಪಾಡಿಗೆ ತಾನು," ಎಂದಳು ಅಜ್ಜಿ. "ನನ್ನ ಆಡಿಗಿಂತ ಶಾಣೆ ಐತಿ."

ಬಾಗಿಲಲ್ಲಿ ಈಶ್ವರಪ್ಪ ಇರಲಿಲ್ಲ. ದಾಕ್ಷಾಯಣಿ ತಿರುಗಿ ನೋಡಿದಳು. ಅವನು ಕುಣಿಯೊಳಗೆ ಕಾಲಿಟ್ಟು ಕೂತು, ಕಾಲ ಹೆಬ್ಬೆರಳಿನಿಂದ ಒಣನೆಲ ಮುಟ್ಟಿ ನೋಡಿ, ಲಾಳಿ ಎಸೆದ. ಮಳೆಯ ಸದ್ದಿನ ನಡುವೆ ಮಗ್ಗದ ಸದ್ದು ಎದ್ದಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಲ್ಲೂ ಎದ್ದಿತು, ಅದರಾಚೆಯ ಮನೆಯಲ್ಲೂ. ಮಳೆ ಸುರಿಯುವಾಗ ಮಗ್ಗ ನುಡಿದದ್ದನ್ನು ಆ ಓಣಿ ಕೇಳಿದ್ದು ಅದೇ ಮೊದಲು. ದಾಕ್ಷಾಯಣಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಪ್ಪನಿಗೆ ಚಹಾ ಇಡಲು ಒಳಗೆ ಹೋದಳು.

ಈಗ ನನಗೆ ವಯಸ್ಸಾಗಿದೆ. ದಾಕ್ಷಾಯಣಿ ಹೊಸ ಯಂತ್ರ ಕೊಂಡಿದ್ದಾಳೆ. ಅದು ತಾನೇ ಅಳೆದು ತಾನೇ ಅಂಕೆ ತೋರಿಸುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ, ಅದನ್ನೂ ಅವಳು ಗೂಟದ ಪರೀಕ್ಷೆಗೆ ಒಯ್ಯುತ್ತಾಳೆ. ನಾನು ಅದೇ ಮಾಡದಲ್ಲಿ ಕೂತು ಮಗ್ಗದ ಸದ್ದು ಕೇಳುತ್ತೇನೆ. ಪೊರೆ ತೆಗೆಸಿಕೊಂಡ ಚನ್ನವೀರಯ್ಯನವರು ಬಂದಾಗ ನನ್ನನ್ನು ಕಿಟಕಿಯ ಕಡೆ ತಿರುಗಿಸಿ, ದೂರದ ಗುಡಿಯ ಕಳಸ ನೋಡಿ, "ಎಷ್ಟ ಸ್ವಚ್ಛ ಕಾಣತೈತಿ," ಎಂದು ಮಗುವಿನಂತೆ ಹಿಗ್ಗುತ್ತಾರೆ.

ಹುಬ್ಬಳ್ಳಿಯ ಆ ಅಂಗಡಿಗೆ ದಸ್ತಗೀರ ವಾರದಲ್ಲಿ ಕೆಲವು ದಿನ ಬರುತ್ತಾರಂತೆ. ರಿಪೇರಿಗೆ ಬಂದ ಯಂತ್ರದ ಸ್ಕ್ರೂಗಳಿಗೆ ವಿರೂಪಾಕ್ಷಪ್ಪ ತಂದವರ ಎದುರಿಗೇ ಕುಂಕುಮ ತುಂಬುತ್ತಾರಂತೆ. ಒಯ್ಯಲು ಬಂದಾಗ ಮೊದಲು ಅದನ್ನೇ ತೋರಿಸಿ, "ಹೋಗೈತೋ ಇಲ್ಲೋ ನೋಡಿಕೊಳ್ರಿ," ಎನ್ನುತ್ತಾರಂತೆ. ಆಗದ ರಿಪೇರಿಯಾದರೆ ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಾರಂತೆ. ಅಂಗಡಿಯ ಹೆಸರೇನೂ ಹೋಗಿಲ್ಲ.

ಈ ಮೂಲೆಯಲ್ಲಿ ಕೂತು ನಾನು ಒಂದನ್ನೇ ಧ್ಯಾನಿಸುತ್ತೇನೆ. ಎಲ್ಲರಿಂದಲೂ ಸಮದೂರದಲ್ಲಿ ನಿಂತಿರುವಷ್ಟು ಹೊತ್ತು ನನ್ನೊಳಗಿನ ಓರೆ ಯಾರಿಗೂ ಕಾಣಲಿಲ್ಲ. ಯಾರಾದರೊಬ್ಬರ ಮಗ್ಗುಲಿಗೆ ಹೋಗಿ ನಿಂತಾಗಲೇ ಅದು ಕಂಡಿತು. ಕಂಡದ್ದರಿಂದಲೇ ಒಂದು ಕೈ ನನ್ನನ್ನು ತೆರೆಯಿತು. ಮನುಷ್ಯರಿಗೂ ದೇವರು ಹೀಗೆಯೇ ಗೂಟ ಹೊಡೆದು ನೋಡುತ್ತಾನೋ ಏನೋ, ನಾನರಿಯೆ.

ನಾಳೆ ನವಮಿ. ಒಳಗೆ ದಾಕ್ಷಾಯಣಿ ಬಟ್ಟಲಿನಲ್ಲಿ ಎಣ್ಣೆ ಹಾಕಿ ಕುಂಕುಮ ಕಲಸುತ್ತಿದ್ದಾಳೆ. ಈ ಸಲವೂ ಜಳಕವೇ ಆಗುವಂತೆ ಕಾಣುತ್ತದೆ.